ಏಡಿ ಬೇಟೆಗೆ ನನ್ನ ಮಗಳೂ ಬರುತ್ತಾಳೆ

ನನ್ನ ಮಕ್ಕಳನ್ನು ನಾನು ಬೇಟೆಗೆ ಕರೆದುಕೊಂಡು ಹೋಗುತ್ತೇನೆ. ಹೀಗೆಂದರೆ ಕಾರವಾರದ ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ಹುಬ್ಬೇರಿಸುತ್ತಾರೆ. ಏರಿಸಲಿ. ನಮ್ಮ ಬೇಟೆಗೆ ಕೋವಿಯಿಲ್ಲ, ನಾಯಿಯಿಲ್ಲ. ಮೊಲ, ಕಾಡುಕೋಳಿಗಳ ಕಾಲ ನನ್ನ ಅಜ್ಜನ ಜೊತೆಗೇ ಮುಗಿಯಿತು. ಕಾನೂನು ಬಂತು, ಬಂದದ್ದು ಒಳ್ಳೆಯದೇ ಆಯಿತು. ನಮಗೆ ಉಳಿದದ್ದು ಏಡಿ. ಅವರ್ಸಾದ ನಮ್ಮ ಮನೆಯ ಹಿಂದೆ ಗಜನಿ ಇದೆ, ಎಂದರೆ ಉಪ್ಪುನೀರನ್ನು ಮಣ್ಣಿನ ಕಟ್ಟು ಹಾಕಿ ತಡೆದು ಮಾಡಿದ ಗದ್ದೆ. ಆ ಕಟ್ಟಿನ ಬಿಲಗಳಲ್ಲಿ ಅಂಗೈಗಿಂತ ಅಗಲದ ಕಪ್ಪು ಏಡಿಗಳಿರುತ್ತವೆ. ಮೀನು, ಸಿಗಡಿ, ತನ್ನದೇ ಜಾತಿಯ ಮರಿ, ಯಾವುದನ್ನೂ ಬಿಡದ ಪ್ರಾಣಿ ಅದು. ಅದರ ದೊಡ್ಡ ಕಾಲಿಗೆ ಸಿಕ್ಕಿದ ಬೆರಳು ಗೋವಿಂದ.

ಈ ವಿದ್ಯೆ ನನಗೆ ಕದ್ವಾಡದ ತವರಿನಲ್ಲಿ ಅಪ್ಪ ಕಲಿಸಿದ್ದು. ತುದಿ ಬಾಗಿಸಿದ ಕಬ್ಬಿಣದ ಕಂಬಿಯೊಂದು ಸಾಕು. ಬಿಲದ ಬಾಯಲ್ಲಿ ಗೀರುಗಳಿದ್ದರೆ ಏಡಿ; ನುಣ್ಣಗಿದ್ದರೆ ಹಾವಿರಬಹುದು, ದೂರ ನಿಲ್ಲು. ಅಮಾವಾಸ್ಯೆಯ ಏಡಿ ತುಂಬಿರುತ್ತದೆ, ಹುಣ್ಣಿಮೆಯದು ಬರೀ ಚಿಪ್ಪು. ಹೊಟ್ಟೆಯಡಿ ಮೊಟ್ಟೆ ಕಂಡರೆ ವಾಪಸ್ ನೀರಿಗೆ. ಅಣ್ಣನಿಗೂ ನನಗೂ ಒಂದೇ ಪಾಠ, ಒಂದೇ ಕಂಬಿ. ನಾನು ದೊಡ್ಡವಳಾದ ದಿನ ಅಪ್ಪ ಕಂಬಿಯನ್ನು ಅಣ್ಣನ ಕೈಗೆ ಕೊಟ್ಟು, "ನೀ ಇನ್ನು ಮನೇಲೇ ಇರು" ಎಂದ. ಕಟ್ಟು ಕಾಯುವುದು ಜಟಗ ದೇವರು. ಮುಟ್ಟಾಗುವ ಹೆಣ್ಣು ಹತ್ತಿದರೆ ಅವನು ಸಿಟ್ಟಾಗುತ್ತಾನೆ, ಕಟ್ಟು ಒಡೆಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅಂದಿನಿಂದ ಅಣ್ಣ ಹಿಡಿದು ತಂದ ಏಡಿಯನ್ನು ತೊಳೆಯುವ ಕೆಲಸ ನನ್ನದಾಯಿತು. ಆ ಸಿಟ್ಟು ಇನ್ನೂ ಆರಿಲ್ಲ. ಆರುವುದೂ ಬೇಡ.

ಗಂಡನಿಗೆ ಗೋವಾದಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಾರೆ. ಹಾಗಾಗಿ ಮಗಳಿಗೂ ಮಗನಿಗೂ ಬೇಟೆ ಕಲಿಸಿದವಳು ನಾನೇ, ಅದೂ ಕಟ್ಟು ಹತ್ತದೆ ಕೆಳಗೆ ಗದ್ದೆಯಲ್ಲಿ ನಿಂತು. ಮಗನಿಗೆ ಆತುರ, ಕಂಬಿ ತುರುಕಿ ಗದ್ದಲವೆಬ್ಬಿಸುತ್ತಾನೆ, ಏಡಿ ಇನ್ನೂ ಒಳಗೆ ಹೋಗುತ್ತದೆ. ಮಗಳು ಹಾಗಲ್ಲ. ಕಂಬಿಯನ್ನು ಒಳಗೆ ಬಿಟ್ಟು ಸುಮ್ಮನೆ ಕೂರುತ್ತಾಳೆ. ಏಡಿ ತಾನಾಗಿ ಕಚ್ಚಿ ಹಿಡಿಯುವವರೆಗೆ ಕಾದು, ಮೆಲ್ಲಗೆ ಎಳೆದು, ಬೆನ್ನ ಮೇಲೆ ಪಾದವಿಟ್ಟು, ಹಿಂದಿನಿಂದ ಹಿಡಿದು ಬಾಳೆನಾರಿನಲ್ಲಿ ಕಟ್ಟಿಬಿಡುತ್ತಾಳೆ. ಅವಳನ್ನು ನೋಡುವಾಗ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಅವಳೂ ದೊಡ್ಡವಳಾದಳು. ಅತ್ತೆ ಅರಿಶಿನ ಹಚ್ಚಿದರು, ಹೊಸ ಬಟ್ಟೆ ತರಿಸಿದರು, ಎಳ್ಳುಂಡೆ ಕಟ್ಟಿದರು. ಮೊಮ್ಮಗಳೆಂದರೆ ಅವರಿಗೆ ಜೀವ. ಎಲ್ಲ ಮುಗಿದ ಮೇಲೆ ನನ್ನನ್ನು ಹಿತ್ತಲಿಗೆ ಕರೆದರು.

"ಅದ್ರ ಏಡಿ ಆಟ ಇನ್ನು ಸಾಕು ಮಾರಾಯ್ತಿ. ತಮ್ಮ ಹೋಗ್ಲಿ. ಅದು ಕಟ್ಟು ಹತ್ತೂದು ಬೇಡ."

"ಎಂತಕೆ ಅತ್ತೆ?"

"ಎಂತಕೆ ಅಂತ ನಿಂಗೆ ಗೊತ್ತಿಲ್ವ? ನಾಳೆ ಕಟ್ಟು ಒಡೆದ್ರೆ ಊರಿಗೆ ಯಾರು ಉತ್ರ ಕೊಡೂದು?"

"ಕಟ್ಟಿಗೆ ತೂತು ಮಾಡೂದು ಏಡಿ. ಅದ್ನ ಹಿಡಿಯೂದು ನನ್ನ ಮಗಳು. ಜಟಗ ಸಿಟ್ಟು ಮಾಡೂದಾದ್ರೆ ಏಡಿ ಮೇಲೆ ಮಾಡ್ಲಿ."

ಅತ್ತೆ ಮುಖ ತಿರುಗಿಸಿಕೊಂಡು ಒಳಗೆ ಹೋದರು. ಅಮಾವಾಸ್ಯೆ ಕಳೆದ ಭಾನುವಾರ ಬೆಳಿಗ್ಗೆ, ನೀರು ಇಳಿದ ಹೊತ್ತಿಗೆ, ನಾನು ಇಬ್ಬರನ್ನೂ ಕರೆದುಕೊಂಡು ಹೋಗಿ ಕಟ್ಟು ಹತ್ತಿಸಿದೆ. ಕದ್ದು ಹೋಗಲಿಲ್ಲ, ಹತ್ತು ಮನೆಯ ಅಂಗಳದ ಮುಂದೆಯೇ ನಡೆದು ಹೋದೆವು. ಮಗಳು ಎರಡು ದೊಡ್ಡ ಏಡಿ ಹಿಡಿದಳು. ಮಗ ಒಂದು ಹಿಡಿದ, ಅದೂ ಕಾಲು ಮುರಿದದ್ದು. ಅತ್ತೆ ಅವತ್ತು ಹಪ್ಪಳ ಸುಟ್ಟುಕೊಂಡು ಉಂಡರು.

ಶ್ರಾವಣದಲ್ಲಿ ಕಟ್ಟು ಒಡೆಯಿತು.

ಮಳೆ ಹಿಡಿದದ್ದು ಬಿಟ್ಟಿರಲಿಲ್ಲ, ಮೇಲಿಂದ ಹೊಳೆಯ ನೆರೆ, ಕೆಳಗಿಂದ ಅಮಾವಾಸ್ಯೆಯ ಭರತಕ್ಕೆ ಉಕ್ಕಿದ ಕಡಲನೀರು. ತಿರುವಿನ ಹತ್ತಿರ ಮಣ್ಣು ಕೊಚ್ಚಿಹೋಗಿ ಉಪ್ಪುನೀರು ಗದ್ದೆಗೆ ನುಗ್ಗಿತು. ಮೊಣಕಾಲೆತ್ತರದ ಪೈರು ಕೆಂಪಗಾಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಯಿತು. ಈ ಕಟ್ಟು ನಾನು ಮದುವೆಯಾಗಿ ಬಂದ ಮೇಲೆಯೇ ಮೂರು ಸಲ ಒಡೆದಿದೆ. ಆಗೆಲ್ಲ ಬಯ್ಯಿಸಿಕೊಂಡದ್ದು ಮಳೆ. ಈ ಸಲ ಮಾತ್ರ ಜನರಿಗೆ ನನ್ನ ಮಗಳು ಕಂಡಳು. ನನ್ನ ಎದುರು ಯಾರೂ ಬಾಯಿ ಬಿಡಲಿಲ್ಲ. ಅಂಕೋಲೆಗೆ ಹೋಗುವ ಶಾಲೆ ಬಸ್ಸಿನಲ್ಲಿ ಅವಳ ಎದುರೇ ಆಡಿದರು. ಆ ಧೈರ್ಯಕ್ಕೆ ಏನೆನ್ನಲಿ?

ಅವಳು ಬಂದು ಚೀಲ ಮೂಲೆಗಿಟ್ಟು, "ಆಯಿ, ನಾ ಇನ್ನು ಏಡಿಗೆ ಬರೂದಿಲ್ಲ" ಎಂದಳು.

"ಯಾರು ಎಂತ ಹೇಳಿದ್ರು?"

"ಯಾರು ಹೇಳಿದ್ರೆ ಎಂತ. ಒಡೆದದ್ದು ಹೌದಲ್ಲ?"

ಅತ್ತೆ ಬೈದಾಗ ನನಗೆ ಹೆದರಿಕೆಯಾಗಿರಲಿಲ್ಲ. ಊರು ಆಡಿಕೊಂಡಾಗಲೂ ಆಗಿರಲಿಲ್ಲ. ಆದರೆ ಅಷ್ಟು ಜನರ ಗದ್ದೆಯನ್ನು ತಾನೇ ಹಾಳು ಮಾಡಿದೆ ಎಂದು ನನ್ನ ಮಗಳು ನಂಬಿದ್ದು ಕಂಡು ಹೆದರಿದೆ. ನನ್ನನ್ನು ಮನೆಯಲ್ಲಿ ಕೂರಿಸಲು ಅಪ್ಪ ಬೇಕಾಗಿತ್ತು. ಇವಳು ತಾನಾಗಿಯೇ ಕೂರಲು ಹೊರಟಿದ್ದಳು.

ನೀರು ಇಳಿದ ಮೇಲೆ ಕಟ್ಟು ಕಟ್ಟುವ ಕೆಲಸ ಶುರುವಾಯಿತು. ಮನೆಗೊಂದು ಆಳು ಬರಬೇಕು. ಗಂಡ ಗೋವಾದಲ್ಲಿ, ನಾನು ಹೋದೆ. ಬರುವುದಿಲ್ಲ ಎನ್ನುತ್ತಿದ್ದ ಮಗಳನ್ನೂ ಎಬ್ಬಿಸಿಕೊಂಡು ಹೋದೆ. ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿನ ಬುಡದವರೆಗೆ ತರುವುದು, ಮೇಲಿದ್ದ ಗಂಡಸರು ಕೈಯಿಂದ ಕೈಗೆ ತೆಗೆದುಕೊಂಡು ಸುರಿದು ತುಳಿಯುವುದು, ಇದು ರೂಢಿ. ಮಗಳು ದೂರದ ತೆಂಗಿನ ಬುಡದಲ್ಲಿ ಮುದುಡಿ ಕೂತಳು. ನಾನು ಬುಟ್ಟಿಯನ್ನು ಯಾರ ಕೈಗೂ ಕೊಡದೆ ನೇರ ಮೇಲೆ ಹತ್ತಿದೆ.

ಕೆಲಸ ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜ, "ಕೆಳಗೆ ನಿಲ್ಲೇ, ಇಲ್ಲಿ ಕೊಡು" ಎಂದರು.

"ನಾ ಕೊಡೂದಿಲ್ಲ ಅಜ್ಜ. ಇಲ್ಲೇ ಹಾಕ್ತೆ, ಇಲ್ಲೇ ತುಳಿತೆ. ಇವತ್ತು ನಂಗೆ ಮುಟ್ಟಿನ ಎರಡನೇ ದಿನ, ಅದ್ನೂ ಹೇಳ್ತೆ ಕೇಳಿ."

ಒಬ್ಬರ ಕೈಯಲ್ಲಿದ್ದ ಬುಟ್ಟಿ ಅಲ್ಲೇ ನಿಂತಿತು. ಕೆಳಗಿನ ಹೆಂಗಸರಲ್ಲಿ ಒಬ್ಬಳು "ಅಯ್ಯೋ, ಎಂತ ಮಾತಾಡ್ತದ್ಯೇ ಇದು" ಎಂದಳು. ಸುಳ್ಳು ಹೇಳಬಾರದು, ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಆದರೂ ತೆಂಗಿನ ಬುಡಕ್ಕೆ ಕೇಳಿಸಲೆಂದು ಇನ್ನೂ ಗಟ್ಟಿಯಾಗಿ ಹೇಳಿದೆ.

"ಇನ್ನು ಈ ಕಟ್ಟು ಯಾವತ್ತು ಒಡೆದ್ರೂ ನನ್ನ ಹೆಸರು ಹೇಳಿ. ಎಲ್ಲಿ ಬೇಕಾದ್ರೂ ಹೇಳಿ, ನಾ ಉತ್ರ ಕೊಡ್ತೆ. ಆದ್ರೆ ಬಸ್ಸಲ್ಲಿ ಕೂತ ಮಕ್ಕಳ ತಲೆಗೆ ಕಟ್ಟಬೇಡಿ."

ನಾನು ಮಣ್ಣು ಸುರಿದು ತುಳಿಯತೊಡಗಿದೆ. ಮತ್ತೆ ಭರತ ಬರುವುದರೊಳಗೆ ಒಡಕು ಮುಚ್ಚಬೇಕಿತ್ತು. ಜಗಳಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಪಕ್ಕ ಇನ್ನೊಂದು ಬುಟ್ಟಿ ಮಣ್ಣು ಬಿತ್ತು. ತಿರುಗಿ ನೋಡಿದರೆ ಮಗಳು. ಅತ್ತು ಮುಖ ಊದಿತ್ತು. ನನ್ನ ಕಡೆ ನೋಡದೆ ಲಂಗ ಮೇಲಕ್ಕೆ ಸಿಕ್ಕಿಸಿಕೊಂಡು ಹಿಮ್ಮಡಿ ಊರಿ ತುಳಿಯತೊಡಗಿದಳು. ಅಜ್ಜ ಅವಳ ಕಾಲನ್ನೇ ನೋಡಿದರು, ನೀರಿನ ಕಡೆ ನೋಡಿದರು, ಕೊನೆಗೆ ಕೋಲು ತೋರಿಸಿ, "ಅಲ್ಲಲ್ಲ, ಈ ಬದಿಗೆ ತುಳಿ ಮಗಾ. ಇಲ್ಲಿ ಸಡಿಲ ಅದೆ" ಎಂದರು.

ಮಣ್ಣಿನ ಕಟ್ಟು ಮುಂದೊಂದು ದಿನ ಮತ್ತೆ ಒಡೆದೇ ಒಡೆಯುತ್ತದೆ. ಒಡೆದಾಗ ನನ್ನ ಹೆಸರು ಹೇಳಲಿ, ನನ್ನದೇನೂ ತಕರಾರಿಲ್ಲ. ಉತ್ತರ ಕೇಳಲು ಬರುವವರು ಅಮಾವಾಸ್ಯೆ ಕಳೆದ ಭಾನುವಾರ ಬೆಳಿಗ್ಗೆ ಮಾತ್ರ ಮನೆಗೆ ಬರುವುದು ಬೇಡ. ಆ ಹೊತ್ತಿಗೆ ನಾನೂ ನನ್ನ ಮಗಳೂ ಕಟ್ಟಿನ ಮೇಲಿರುತ್ತೇವೆ.