ಕೈ ಹತ್ತಿದ ಭಾರ

ಗರ್ರ್… ಗರ್ರ್… ಅಂತ ಸಾಲೆಯ ಹಿಂದಿನ ಬಾವಿಯ ಗಡಗಡಿ ರಾಟೆ ಬೆಳಗಿನಿಂದ ಒರಲುತ್ತಿತ್ತು. ಯಾರೋ ಊಟದ ಪಂಕ್ತಿಗೆ ನೀರು ಸೇದುತ್ತಿದ್ದರು. ಅರ್ಧ ಸೇದಿ ನಿಂತು ಏದುಸಿರು ಬಿಟ್ಟು ಮತ್ತೆ ಸೇದುತ್ತಿದ್ದರು. ಬಸವನ ಬಾಗೇವಾಡಿಯ ಆ ಸಾಲೆಯ ಅಂಗಳದಲ್ಲಿ ಜಮಖಾನೆಯ ಮೇಲೆ ಕೂತಿದ್ದ ಗೊಳಸಂಗಿಯ ಬೀರಣ್ಣ ಸದ್ದು ಕೇಳಿಯೇ ಮುಖ ಸಿಂಡರಿಸಿದ. ಹಗ್ಗ ಹಿಡಿಯಲು ಬಾರದ ಕೈಗಳು, ಇವತ್ತು ತನಗೆ ಉಪಕಾರ ಮಾಡಲು ಹೊರಟಿವೆ.

ಅವನ ಬದುಕು ಗಡಗಡಿಯ ಕೆಳಗೇ ಕಳೆದಿತ್ತು. ಕೂಸಿದ್ದಾಗ ಜ್ವರ ಬಂದು ಬಲಗಾಲು ಒಣಗಿದ ಜೋಳದ ದಂಟಿನಂತಾಯಿತು. ಕುರಿಗಳ ಹಿಂದೆ ಅಡವಿ ಅಲೆಯುವ ಮನೆತನದಲ್ಲಿ ನಡೆಯಲಾರದ ಗಂಡುಮಗ! ತಾಯಿ ಸಾತವ್ವ ಅಳುತ್ತ ಕೂಡಲಿಲ್ಲ. ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಕೂರಿಸಿ ಕೈಗೆ ಹಗ್ಗ ಕೊಟ್ಟಳು. "ನಿನ್ನ ಅಣ್ಣಗೋಳು ಕುರಿ ಮೇಸಲಿ. ನೀರ ಮಾತ್ರ ಅವು ನಿನ್ನ ಕೈಲೇ ಕುಡೀಲಿ" ಅಂದಳು. ಸಂಜೆ ಧೂಳಿನಲ್ಲಿ ತೇಲುತ್ತ ಬಂದ ಹಿಂಡು ಕಲ್ಲಿನ ಬಾನಿಗೆ ಬಾಯಿ ಹಾಕಿದಾಗ, ಅಷ್ಟೂ ಕುರಿಗಳ ಗಂಟಲಿನ ಸದ್ದು ಅವನಿಗೆ ತನ್ನ ಹೆಸರು ಕರೆದಂತೆ ಕೇಳುತ್ತಿತ್ತು. ವರ್ಷಗಳು ಕಳೆದಂತೆ ತೋಳುಗಳು ಬೇವಿನ ಬೊಡ್ಡೆಯಾದವು. ಆದರೆ ಮಂದಿಗೆ ತೋಳು ಕಾಣಲಿಲ್ಲ, ಕಾಲೇ ಕಾಣುತ್ತಿತ್ತು. "ಪಾಪ" ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಬೀರಣ್ಣ ಪಕ್ಕಕ್ಕೆ ಉಗುಳುತ್ತಿದ್ದ.

ಊರ ಗರಡಿಮನೆಯ ಮುಂದೆ ಒಂದು ಗುಂಡುಕಲ್ಲಿತ್ತು. ಉಳಿದವರು ನಿಂತು ಹೆಗಲಿಗೇರಿಸುತ್ತಿದ್ದರು. ಬೀರಣ್ಣ ಅಂಗಾತ ಮಲಗಿ, ಕಲ್ಲನ್ನು ತಾನೇ ಎದೆಯ ಮೇಲೆ ಉರುಳಿಸಿಕೊಂಡು, ತೋಳು ನೆಟ್ಟಗಾಗುವವರೆಗೆ ಮುಗಿಲಿಗೆ ಎತ್ತುತ್ತಿದ್ದ. ಗರಡಿಯ ಕಟ್ಟಳೆ ಎರಡೇ. ಎತ್ತುವಾಗ ಇನ್ನೊಬ್ಬನ ಕೈ ಹತ್ತಿದರೆ, ಬರೀ ತಾಕಿದರೂ, ಎತ್ತಿದ್ದು ಲೆಕ್ಕಕ್ಕಿಲ್ಲ. ಸೋತವನು ತನ್ನ ಕೈಯಾರೆ ಗೆದ್ದವನ ತಲೆಗೆ ರುಮಾಲು ಸುತ್ತಬೇಕು. ಆದರೆ ಬೀರಣ್ಣನ ಎದುರು ಯಾರೂ ಪಣಕ್ಕೆ ಇಳಿಯಲೊಲ್ಲರು. "ಕುಂಟನ ಕೂಡ ಏನ್ ಪಣಾನೋ?" ಅಂತ ನಕ್ಕು ಎದ್ದುಹೋಗುತ್ತಿದ್ದರು, ಒಳಗೊಳಗೇ ಅಂಜುತ್ತಿದ್ದ ಗಂಡುಗಲಿಗಳು. ಹೀಗಾಗಿ ಅವನ ತಲೆಗೆ ಯಾರೂ ರುಮಾಲು ಸುತ್ತಿರಲಿಲ್ಲ. ಅವನೂ ಯಾರಿಗೂ ಸುತ್ತಿರಲಿಲ್ಲ. ತನ್ನ ಬಲ ಎಷ್ಟು ಅನ್ನುವುದು ಅವನಿಗೇ ಗೊತ್ತಿರಲಿಲ್ಲ. ಅದೊಂದು ಗೊತ್ತಾಗಬೇಕು ಅಂತಲೇ ಇವತ್ತು ಬಂದಿದ್ದ.

ಅದು ತುರ್ತು ಪರಿಸ್ಥಿತಿ ಮುಗಿದ ಮರುವರ್ಷ. ಪೆನ್ಶನ್ ಪಡೆದ ಹೆಡ್ ಮಾಸ್ತರ ನಾರಾಯಣರಾಯರು ಪುಣೆಯಲ್ಲಿ ಕಾಲು ಕಳೆದುಕೊಂಡ ಸೈನಿಕರು ಮಲಗಿ ಭಾರ ಎತ್ತುವುದನ್ನು ಕಂಡು ಕಣ್ಣೀರಿಟ್ಟು ಬಂದಿದ್ದರು. ಬಂದವರೇ ಒಂದು ಸೇವಾ ಮಂಡಳಿ ಕಟ್ಟಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಅಂಗವಿಕಲರಿಗೆ ಭಾರ ಎತ್ತುವ ಸ್ಪರ್ಧೆ ಸಾರಿದರು. ಸಾಲೆಯ ಬೆಂಚು, ಒಂದು ಕಬ್ಬಿಣದ ಸಲಾಕೆ, ಅದರ ತುದಿಗೆ ಏರಿಸುವ ಬಿಲ್ಲೆಗಳು, ಎದೆಗೆ ಕಾಗದದ ಹೂ ಚುಚ್ಚಿಕೊಂಡ ಸ್ವಯಂಸೇವಕರು. ಸ್ಪರ್ಧಾಳುಗಳಿಗಿಂತ ಹೂಗಳೇ ಹೆಚ್ಚಿದ್ದವು.

ಮುಖ್ಯ ಅತಿಥಿಯ ಭಾಷಣ ಮುಗಿಯುವಂತೆಯೇ ಇರಲಿಲ್ಲ. "ಇವರು ದೇವರ ಮಕ್ಕಳು…"

ಬೀರಣ್ಣನ ಪಕ್ಕದಲ್ಲಿ ಸಿಂದಗಿಯ ಪಿಂಜಾರ ನಬಿಸಾಬ ಕೂತಿದ್ದ. ಎರಡೂ ಮೊಣಕಾಲ ಕೆಳಗೆ ಜೀವವಿಲ್ಲ. ಕೂತಲ್ಲೇ ಹತ್ತಿ ಹಿಂಜಿ ಹಿಂಜಿ ಭುಜ ಬಾಗಿಲಗಲವಾಗಿದ್ದವು.

"ಮೂವತ್ತೈದಾದುವು ನನಗ, ಇನ್ನೂ ಮಕ್ಕಳಂತ" ಎಂದು ಗೊಣಗಿದ. "ಹಾಲಿನ ಬಾಟ್ಲಿ ತಂದಾರೇನು ಕೇಳೋ."

"ಸ್ವಲ್ಪ ಅಳು" ಅಂದ ಬೀರಣ್ಣ. "ಅತ್ತವ್ರಿಗೆ ಶಿರಾ ಜಾಸ್ತಿ ಹಾಕ್ತಾರ."

"ನೀ ಅಳ್ತಿ ತಡಿ, ನಾ ಎತ್ತಿದ ಮ್ಯಾಲೆ."

ಬೀರಣ್ಣನಿಗೆ ಒಮ್ಮೆಲೆ ಮೈ ಹಗುರಾಯಿತು. ಇಷ್ಟು ವರ್ಷಕ್ಕೆ ಒಬ್ಬ ಅವನಿಗೆ ಸವಾಲು ಹಾಕಿದ್ದ.

ಇಂಡಿಯವರು, ಮುದ್ದೇಬಿಹಾಳದವರು ಎತ್ತುವಷ್ಟು ಎತ್ತಿ ಕೈಬಿಟ್ಟರು. ಉಳಿದವರು ಇವರಿಬ್ಬರೇ. ಇದ್ದ ಬಿಲ್ಲೆಗಳನ್ನೆಲ್ಲ ಏರಿಸಿದರು. ನಬಿಸಾಬ ಹಲ್ಲು ಕಚ್ಚಿ ಸಲಾಕೆಯನ್ನು ಎದೆಯಿಂದ ಮೇಲಕ್ಕೆ ಪೂರಾ ಎತ್ತಿದ. ಬೀರಣ್ಣ ಕೂತಲ್ಲಿಂದಲೇ "ಶಾಬಾಸ್!" ಅಂದ.

ನಂತರ ತಾನು ಮಲಗಿದ. ಸಲಾಕೆ ಎದೆಗಿಳಿಯಿತು, ಎದೆ ಬಿಟ್ಟೆದ್ದಿತು, ನಡುವೆ ನಿಂತಿತು. ಆ ಜಾಗ ಅವನಿಗೆ ಹೊಸದಲ್ಲ. ತುಂಬಿದ ಕೊಡವೂ ಬಾವಿಯ ನಡುವೆ ಒಮ್ಮೆ ಹೀಗೇ ಭಾರವಾಗುತ್ತದೆ. ಒಂದು ಉಸಿರು ಕಾದು ಆಮೇಲೆ ಜಗ್ಗಬೇಕು. ಅವನು ಉಸಿರು ಕಾಯುತ್ತಿದ್ದ.

"ಅಯ್ಯೋ ಪಾಪ! ಹಿಡೀರಿ, ಹಿಡೀರಿ!" ರಾಯರು ಕೂಗಿದರು.

ಕಾಗದದ ಹೂಗಳು ಮುಖದ ಮೇಲೆ ಬಾಗಿದವು. ನಾಲ್ಕಾರು ಕೈ ಸಲಾಕೆಗೆ ಬಿದ್ದವು. ಹಗ್ಗ ಹರಿದು ಕೊಡ ಬಾವಿಗೆ ಬಿದ್ದಾಗ ಕೈಗೆ ಬರುತ್ತದಲ್ಲ, ಅಂಥ ಹಗುರ ಅವನ ತೋಳಿಗೆ ಬಂತು. ಸಲಾಕೆ ಮೇಲೇರಿತು. ಚಪ್ಪಾಳೆಯೋ ಚಪ್ಪಾಳೆ.

ಬೀರಣ್ಣ ಎದ್ದು ಕೂತ. "ಕೈ ಯಾಕ ಹಚ್ಚಿದ್ರಿ?"

"ಎದಿ ಮ್ಯಾಲ ಬಿದ್ದಿದ್ರ ಹ್ಯಾಂಗಪಾ?" ಅಂದರು ರಾಯರು.

"ಬೀಳತಿತ್ತೋ ಇಲ್ಲೋ, ಅದನ್ನ ನೋಡಾಕs ಬಂದಿದ್ನಿರಿ ನಾ. ಇನ್ನೊಮ್ಮಿ ಎತ್ತತೇನಿ."

"ಯಾಕ ಸುಮ್ಮನ ತ್ರಾಸು? ನೀನೂ ಪಹಿಲಾ ನಂಬರ, ಅವನೂ ಪಹಿಲಾ ನಂಬರ. ಇಲ್ಲೆ ಸೋತವರು ಯಾರೂ ಇಲ್ಲ ನೋಡು!"

ಅಷ್ಟರಲ್ಲಿ ಬಿಲ್ಲೆ ಕಳಚಿ ಒಯ್ದಿದ್ದರು. ಎಲೆ ಹಾಕುವ ಹೊತ್ತಾಗಿತ್ತು. ಅತಿಥಿ ಒಬ್ಬೊಬ್ಬರ ತಲೆಗೂ ಒಂದೇ ಬಣ್ಣದ ಗುಲಾಬಿ ರುಮಾಲು ಇಡುತ್ತ ಬಂದರು, ಗೋಡೆಗೆ ಬೆರಣಿ ತಟ್ಟುವವರಂತೆ. ಬೀರಣ್ಣನ ತಲೆಗೂ ಒಂದು ಬಿತ್ತು. ಎಂದೂ ಸಿಗದ ರುಮಾಲು, ಸಿಕ್ಕಿದ್ದು ಹೀಗೆ. ಬಾಯಲ್ಲಿ ಉಗುಳು ತುಂಬಿತು.

ನಬಿಸಾಬನ ಕಡೆ ತಿರುಗಿದ. "ನೀ ಹೇಳು."

ನಬಿಸಾಬ ಕಣ್ಣು ತಪ್ಪಿಸಲಿಲ್ಲ. "ಕೈ ಹತ್ತೈತಿ."

"ಹತ್ತೈತಿ."

"ಅವ್ರು ಬಿಟ್ಟಿದ್ರ ನೀ ಎತ್ತತಿದ್ದಿ ಅನಸ್ತೈತಿ ನನಗ."

"ಅನಸೂದು ಬ್ಯಾಡ. ನಿನ್ನ ಭಾರಕ್ಕ ಯಾರ ಕೈನೂ ಹತ್ತಿಲ್ಲ. ತಲಿ ಬಗ್ಗಸೋ ಹುಚ್ಚ."

ಬೀರಣ್ಣ ನಬಿಸಾಬನ ತಲೆಯ ಮೇಲಿದ್ದದ್ದನ್ನು ಕಿತ್ತು ಜಮಖಾನೆಯ ಮೇಲೆ ಒಗೆದ. ತನ್ನ ತಲೆಯದನ್ನು ಬಿಚ್ಚಿ ಝಾಡಿಸಿ, ಒಂದೊಂದೇ ಸುತ್ತು ಬಿಗಿಯಾಗಿ ಅವನಿಗೆ ಸುತ್ತಿದ. ಹಗ್ಗದಿಂದ ಕಲ್ಲಾದ ಆ ಬೆರಳುಗಳು ಅಷ್ಟು ಮೆತ್ತಗೆ ಆಡಬಲ್ಲವೆಂದು ಬೀರಣ್ಣನಿಗೂ ಗೊತ್ತಿರಲಿಲ್ಲ. ಸೋಲು ಕಹಿಯಾಗಿತ್ತು, ಆದರೆ ಅದು ಅವನದಾಗಿತ್ತು.

"ನೋಡ್ರಿ, ನೋಡ್ರಿ! ತ್ಯಾಗ ಅಂದ್ರ ಇದು!" ರಾಯರ ಕಣ್ಣಲ್ಲಿ ನೀರು. ಮತ್ತೆ ಚಪ್ಪಾಳೆ. ಫೋಟೋದವನು ಓಡಿ ಬಂದ. ಆಗಲೇ ಸುತ್ತಿ ಮುಗಿದಿತ್ತು. "ಬೀರಣ್ಣಾ, ಇನ್ನೊಮ್ಮೆ ಬಿಚ್ಚಿ ಸುತ್ತಪಾ. ಫೋಟೋ ಸಿಗಲಿಲ್ಲಂತ" ಅಂದರು ರಾಯರು.

ಬೀರಣ್ಣ ಕೋಲು ತೆಗೆದುಕೊಂಡು ಎದ್ದ. "ಸಿಂದಗ್ಯಾಗ ಗುಂಡಕಲ್ಲ ಐತೇನೋ ನಬಿ?"

"ಐತಿ. ಮಂದಿನ್ನ ಕರಕೊಂಡ ಬರಬ್ಯಾಡ, ಒಬ್ಬನs ಬಾ."

"ಸ್ವಲ್ಪ ನಗುನಗುತ್ತ ಸುತ್ತಿದ್ರ ಛಂದ ಬರ್ತದ" ಅನ್ನುತ್ತಿದ್ದರು ರಾಯರು. "ಇದರಾಗ ಒಂದು ನೀತಿ ಅದ ನೋಡಪಾ, ಸಾಲಿ ಹುಡುಗರಿಗೆ ನಾ ಇದನ್ನ… ಅಲ್ಲಾ, ಎಲ್ಲಿಗೆ ಹೊಂಟಿ? ಶಿರಾ ಮಾಡಿಸೇವಿ, ನಿನಗಂತನ…"

ಟಕ್, ಟಕ್, ಕೋಲಿನ ಸದ್ದು ಗೇಟಿನವರೆಗೆ ಹೋಯಿತು. ಅಲ್ಲಿ ಬೀರಣ್ಣ ಪಕ್ಕಕ್ಕೆ ಒಮ್ಮೆ ಉಗುಳಿದ. ರಾಯರ ಮಾತು ಇನ್ನೂ ನಡೆದೇ ಇತ್ತು; ಅವನು ಗೊಳಸಂಗಿಯ ಹಾದಿಗೆ ಹೊರಳಿದ.