ಆಸ್ಪತ್ರೆಗೆ ತರಬಾರದಿದ್ದ ಹಾಡು

ಸೂರತ್ತಿನ ಉಧ್ನಾದಲ್ಲಿ ಬೆಳಕು ಹರಿಯುವ ಹೊತ್ತಿಗೆ ಮಗ್ಗದ ಕಾರ್ಖಾನೆಗಳ ಪಾಳಿ ಮುಗಿಯುತ್ತದೆ. ಕೆಲಸ ಬಿಟ್ಟು ಬಂದ ಅಪ್ಪಂದಿರು ಮನೆಯಲ್ಲಿ ಮಗುವಿಗೆ ಜ್ವರವೆಂದು ತಿಳಿದು ಚಹಾ ಕೂಡ ಕುಡಿಯದೆ ಎತ್ತಿಕೊಂಡು ಓಡಿ ಬರುವುದು ಇಲ್ಲಿನ ಮಕ್ಕಳ ಆಸ್ಪತ್ರೆಗೆ. ಅದರ ಮೂಲೆಯ ಪುಟ್ಟ ಕೋಣೆಯಲ್ಲಿ ಇಂದಿರಾ ಜೋಶಿ ಆಗಲೇ ಕೈ ತೊಳೆದು ಕಾಯುತ್ತಿದ್ದಾರೆ. ಮಕ್ಕಳ ರಕ್ತ ತೆಗೆಯುವುದು ಅವರ ಕೆಲಸ. ಅವರ ನೀಲಿ ಕೋಟು ಕಂಡರೆ ಸಾಕು, ಎಂಥ ಮಗುವೂ ಅಮ್ಮನ ಕೊರಳಿಗೆ ಜೋತುಬೀಳುತ್ತದೆ.

ಇವತ್ತು ಮೊದಲು ಬಂದವನು ವರ್ಷ ತುಂಬದ ಮಯೂರ್. ಮೈ ಸುಡುತ್ತಿದೆ. ಇಂದಿರಾ ಗುಜರಾತಿಯಲ್ಲಿ ಪಾರಿವಾಳದ ಕತೆ ಹೇಳುತ್ತ ಅವನ ಮುಂಗೈಯಲ್ಲಿ ನರ ಹುಡುಕುತ್ತಾರೆ. ಚರ್ಮಕ್ಕೆ ಔಷಧ ಸವರಿ ಸುಮ್ಮನೆ ಕೂರುತ್ತಾರೆ. "ಜಲ್ದಿ ಕರೋ ನೆ, ಬೆನ್," ಎಂದು ತಾಯಿ ಸಿಡಿಮಿಡಿಗೊಂಡು ಅವಸರಪಡಿಸಿದರೂ ಸೂಜಿ ಎತ್ತುವುದಿಲ್ಲ.

"ಒಣಗ್ಲಿಕ್ಕೆ ಬಿಡಬೇಕ್ರಿ," ಎಂದು ಅವರ ಕೆಲಸದ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕೂತಿರುವ ನನಗೆ ಹೇಳುತ್ತಾರೆ. "ಚರ್ಮದ ಮ್ಯಾಲಿನ ಕ್ರಿಮಿ ಬಾಟ್ಲಿಯೊಳಗ ಹೋದ್ರ ರಕ್ತದಾಗ ಅದ ಅಂತ ರಿಪೋರ್ಟ್ ಬರ್ತದ. ಕೂಸಿಗೆ ಸುಮ್ಮಸುಮ್ಮನ ಇಂಜೆಕ್ಷನ್."

ಮಕ್ಕಳ ಜ್ವರ ಬಹುಪಾಲು ತಾನಾಗಿ ಇಳಿಯುವಂಥದು. ಎಲ್ಲೋ ಕೆಲವರಿಗೆ ಮಾತ್ರ ಬ್ಯಾಕ್ಟೀರಿಯಾ ರಕ್ತಕ್ಕೇ ಇಳಿದಿರುತ್ತದೆ. ಮೇಲೆ ನೋಡಿದರೆ ಎರಡೂ ಒಂದೇ ಥರದ ಜ್ವರ. ಅನುಮಾನ ಬಂದಾಗ ಡಾಕ್ಟರು ಇಂದಿರಾ ಅವರ ಕೋಣೆಗೆ ಕಳಿಸುತ್ತಾರೆ, ಇಲ್ಲಿಂದ ಲ್ಯಾಬಿಗೆ ಹೋದ ರಕ್ತದ ಬಾಟಲಿಯಲ್ಲಿ ಕ್ರಿಮಿ ಬೆಳೆಯುತ್ತದೋ ಇಲ್ಲವೋ ಎಂದು ಕಾಯುತ್ತಾರೆ.

ಇಂದಿರಾ ಧಾರವಾಡದವರು. ಪತಿ ಪದ್ಮನಾಭ ಅವರಿಗೆ ರೈಲ್ವೆಯಲ್ಲಿ ಇಲ್ಲಿಗೆ ವರ್ಗವಾಗಿತ್ತು. ಅವರು ತೀರಿಕೊಂಡಾಗ ಮಗಳು ಸ್ವಾತಿ ಇನ್ನೂ ಶಾಲೆಯಲ್ಲಿದ್ದಳು. ಆಮೇಲೆ ಲ್ಯಾಬ್ ಕೋರ್ಸ್ ಕಲಿತು ಸೂಜಿ ಹಿಡಿದವರು ಈಗ ದಿನಕ್ಕೆ ಇಪ್ಪತ್ತು ಮೂವತ್ತು ಮಕ್ಕಳನ್ನು ಅಳಿಸುತ್ತಾರೆ. ವಾಸಿಯಾದ ಮಗು ಡಾಕ್ಟರಿಗೆ ಟಾಟಾ ಮಾಡುತ್ತದೆ. ಇವರ ಬಾಗಿಲು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಅದಕ್ಕೆಲ್ಲ ಬೇಜಾರು ಮಾಡಿಕೊಂಡರೆ ಈ ಕೆಲಸ ಆಗುತ್ತದೆಯೇ ಎಂದು ನಗುತ್ತಾರೆ. ಮೊಮ್ಮಗಳ ಮಾತು ಬಂದಾಗ ಮಾತ್ರ ನಗುವುದಿಲ್ಲ.

ಸಂಹಿತಾಗೆ ಈಗ ಮೂರು ವರ್ಷ. ಸ್ವಾತಿಯ ಮನೆ ವಡೋದರಾದ ಆಲ್ಕಾಪುರಿಯಲ್ಲಿ. ಆಯಾ ಜೊತೆ ಗುಜರಾತಿ, ಪ್ಲೇಸ್ಕೂಲಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಹಿಂದಿ. ಅಜ್ಜಿಯಿಂದ ಅವಳಿಗೆ ಸಿಕ್ಕ ಕನ್ನಡವೆಂದರೆ ಇಂದಿರಾ ತಾವೇ ಕಟ್ಟಿದ ಎರಡು ಸಾಲು. ಊಟ ಮಾಡಿಸುವಾಗ ಬೆರಳು ಒಂದೊಂದೇ ಮುಟ್ಟುತ್ತ ಹಾಡುತ್ತಿದ್ದರು: "ಕಿರುಬೆರಳ ಬಾರಮ್ಮ, ಬುತ್ತಿ ಕಟ್ಟೀನಿ, ಹೆಬ್ಬೆರಳ ಕೂಡಮ್ಮ, ಬೆಣ್ಣಿ ಇಟ್ಟೀನಿ." ಮಗು ತಾನಾಗಿ ಅಂಗೈ ಚಾಚುತ್ತಿತ್ತು.

ಹೋದ ಮಳೆಗಾಲದಲ್ಲಿ ಸ್ವಾತಿ ಮಗುವಿನೊಂದಿಗೆ ಸೂರತ್ತಿಗೆ ಬಂದಿದ್ದಾಗ ಮಗುವಿಗೆ ಜ್ವರ ಏರಿತು. ಕರೆದರೂ ಕಣ್ಣು ಬಿಡದಂತಾಯಿತು. ಇದೇ ಕೋಣೆಗೆ ತಂದರು. ಜೊತೆಗೆ ಕೆಲಸ ಮಾಡುವವರು ಚುಚ್ಚಿ ನೋಡಿದರು, ರಕ್ತ ಬರಲಿಲ್ಲ. ಕೊನೆಗೆ ಸೂಜಿ ಇಂದಿರಾ ಕೈಗೇ ಬಂತು.

"ಕೆಲಸದಾಗ ನಾ ಪಾರಿವಾಳದ ಕತಿನ ಹೇಳ್ತೀನ್ರಿ. ಅವತ್ತು ನಾಲಿಗಿಗೆ ಅದು ಬರ್ಲಿಲ್ಲ. ಮನೀ ಹಾಡು ಬಂದುಬಿಡ್ತು. ಅಕಿ ಕಣ್ಣು ತೆರೆದು ಕೈ ಚಾಚಿದ್ಲು. ನಾ ಚುಚ್ಚಿದೆ."

ಬಾಟಲಿಯಲ್ಲಿ ಕ್ರಿಮಿ ಬೆಳೆಯಿತು. ಯಾವ ಔಷಧಕ್ಕೆ ಅದು ಬಗ್ಗುತ್ತದೆಂದು ತಿಳಿಯಿತು, ಮಗು ಉಳಿಯಿತು. ಆದರೆ ಅವತ್ತಿನಿಂದ ಸಂಹಿತಾ ಅಜ್ಜಿಯ ತೊಡೆ ಏರಿಲ್ಲ. ರಜೆ ಸಿಕ್ಕಾಗಲೆಲ್ಲ ಇಂದಿರಾ ರೈಲು ಹತ್ತಿ ಆಲ್ಕಾಪುರಿಗೆ ಹೋಗುತ್ತಾರೆ, ಕೆಂಪು ಸೀರೆ ಉಟ್ಟು, ನೀಲಿ ಬಣ್ಣ ಹತ್ತಿರ ಸುಳಿಯದಂತೆ ನೋಡಿಕೊಂಡು. ಮಗು ಸೋಫಾದ ಹಿಂದೆ ನಿಂತು ಇವರು ಹೊರಡುವುದನ್ನೇ ಕಾಯುತ್ತದೆ.

"ಆ ಹಾಡು ದವಾಖಾನಿಗೆ ತರಬಾರದಿತ್ರಿ," ಎನ್ನುತ್ತಾರೆ. "ಕೈ ಖಾಲಿ ಖಾಲಿ ಅನಸ್ತದ."

ಚಹಾದ ಬಿಡುವಿನಲ್ಲಿ ವಡೋದರಾಕ್ಕೆ ವಿಡಿಯೊ ಕರೆ ಮಾಡುತ್ತಾರೆ. ಸಂಹಿತಾ ಚಮಚ ಹಿಡಿದು ಆಡುತ್ತಿದ್ದಾಳೆ. "ಹಿಂದಿಯೊಳಗ ಮಾತಾಡಮ್ಮಾ, ಅಕಿಗೆಲ್ಲಿ ಕನ್ನಡ ತಿಳೀತದ," ಎನ್ನುತ್ತಾಳೆ ಸ್ವಾತಿ. ಇಂದಿರಾ ಕೇಳಿಸದವರಂತೆ ಮೆಲ್ಲಗೆ ಕಿರುಬೆರಳನ್ನು ಕರೆಯುತ್ತಾರೆ. ಚಮಚ ಕೆಳಗೆ ಬೀಳುತ್ತದೆ. ಮಗು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಳ್ಳುತ್ತದೆ.

ಕರೆ ಮುಗಿಸಿ ಅವರು ಆರಿದ ಚಹಾವನ್ನು ಬದಿಗೆ ಸರಿಸುತ್ತಾರೆ.

"ಕನ್ನಡ ತಿಳಿಯೂದಿಲ್ಲ ಅಂತಾರ. ಈ ಎರಡು ಸಾಲು ಪೂರಾ ತಿಳೀತಾವ ನೋಡ್ರಿ. ಒಂದ ಒಂದು ಸಲ, ಅಕಿ ತಾನಾಗಿ ಕೈ ಮುಂದ ಮಾಡಬೇಕು. ಖರೇನ ಬೆಣ್ಣಿ ಇಡ್ತೀನಿ."

ಬಾಗಿಲಲ್ಲಿ ಇನ್ನೊಂದು ಮಗು ಅಳಲು ಶುರುಮಾಡಿದೆ. ಇಂದಿರಾ ಎದ್ದು ಕೈ ತೊಳೆಯುತ್ತಾರೆ.

"ಅಲ್ಲೀತನಾ ಕೈ ಬಚ್ಚಿಡಲಿ ಬಿಡ್ರಿ. ಬಚ್ಚಿಡ್ಲಿಕ್ಕೆ ಕೂಸು ಉಳದದಲ್ಲಾ, ಅಷ್ಟ ಸಾಕು."