ಚನ್ನಮಲ್ಲಮ್ಮ ಬಾಗಿಲಿಗೆ ಬರೆದ ಚದುರಂಗ

ಮುಳ್ಳೂರಿನ ಚನ್ನಮಲ್ಲಮ್ಮ ತನ್ನ ಮಾವನಿಗೆ ಹೊತ್ತುಹೊತ್ತಿಗೆ ಮುದ್ದೆ ಬಡಿಸಿದಳು, ಪೂಜೆಗೆ ನೀರು ಪತ್ರೆ ಅಣಿಮಾಡಿಕೊಟ್ಟಳು, ಕಾಲುನೋವೆಂದರೆ ಎಣ್ಣೆ ಕಾಯಿಸಿ ತಂದಳು. ಅಂಥ ಸೊಸೆ ಊರಲ್ಲಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು. ಆದರೆ ಅವನನ್ನು ಅವಳು ಕೊನೆಯವರೆಗೂ ಕ್ಷಮಿಸಲಿಲ್ಲ.

ಅವಳ ತೌರು ಮಾಂಬಳ್ಳಿ. ಅದು ಮೈಸೂರು ಸೀಮೆ. ಮುಳ್ಳೂರು ಆಗ ಕೊಯಮತ್ತೂರು ಜಿಲ್ಲೆ. ಅಪ್ಪ ಪುಟ್ಟಮಲ್ಲಪ್ಪ ಒಕ್ಕಲುತನದವನು. ಗದ್ದೆಯಿಂದ ಬಂದು ಕಾಲು ತೊಳೆದರೆ ಚದುರಂಗದ ಹಲಗೆ ಮುಂದೆ ಕೂರುತ್ತಿದ್ದ. ಆಡುವುದಕ್ಕಿಂತ ಲೆಕ್ಕ ಕಟ್ಟುವುದೇ ಅವನ ಹುಚ್ಚು. ನಾಲ್ಕಾರು ಕಾಯಿಗಳನ್ನು ಇಕ್ಕಟ್ಟಿನಲ್ಲಿ ನಿಲ್ಲಿಸಿ, ಕಪ್ಪು ರಾಜನನ್ನು ಅಲುಗಾಡದಂತೆ ಇಷ್ಟು ನಡೆಯಲ್ಲಿ ಕಟ್ಟು, ಅದೂ ಕಾಲಾಳಿನಿಂದಲೇ ಕಟ್ಟು ಎಂದು ಒಡ್ಡುತ್ತಿದ್ದ. ಆನೆಯಿಂದಲೋ ಮಂತ್ರಿಯಿಂದಲೋ ಕಟ್ಟಿದರೆ ಆ ಸೀಮೆಯಲ್ಲಿ ಯಾರೂ ತಲೆದೂಗುತ್ತಿರಲಿಲ್ಲ. ತಾಯಿಯಿಲ್ಲದ ಮಗಳನ್ನು ಎದುರು ಕೂರಿಸಿಕೊಂಡು, ಹೊಸ ಲೆಕ್ಕವನ್ನು ಹುಣಸೆಬೀಜದಲ್ಲಿ ಮೊದಲು ಅವಳಿಗೇ ತೋರಿಸುತ್ತಿದ್ದ. ಬಿಡಿಸುವುದನ್ನೂ ಅವಳು ಹಾಗೆಯೇ ಕಲಿತಳು.

ಆ ಕಡೆಯ ಮನೆತನಗಳಲ್ಲಿ ಒಂದು ಪದ್ಧತಿಯಿತ್ತು. ತಾಳಿ ಕಟ್ಟಿದ ದಿನ ಮಧ್ಯಾಹ್ನ ಹೆಣ್ಣಿನ ಕಡೆಯವರು ಚಪ್ಪರದಲ್ಲಿ ಒಂದು ಚದುರಂಗದ ಲೆಕ್ಕ ಇಡುವರು; ಗಂಡಿನ ಕಡೆಯವರು ಬಿಡಿಸಬೇಕು. ಆಗದಿದ್ದರೆ ಗಂಡಿನ ಹಿರಿಯ ಎದ್ದು ನಿಂತು, ಲೆಕ್ಕ ಕಟ್ಟಿದವನ ಕೈಗೆ ವೀಳ್ಯ ಕೊಡಬೇಕು. ಚನ್ನಮಲ್ಲಮ್ಮನ ಮಾವ ಸದಾಶಿವಪ್ಪ ಬಿಡಿಸದ ಲೆಕ್ಕವಿಲ್ಲ ಎಂದು ಕೊಳ್ಳೇಗಾಲದಿಂದ ಕಾಮಗೆರೆಯವರೆಗೂ ಹೆಸರಿತ್ತು. ಅವನಿಗೆಂದೇ ಪುಟ್ಟಮಲ್ಲಪ್ಪ ಒಂದು ಮಳೆಗಾಲವೆಲ್ಲ ಕೂತು ಹೊಸ ಲೆಕ್ಕ ಕಟ್ಟಿದ್ದ.

ಸದಾಶಿವಪ್ಪ ಗಡ್ಡ ಕೆರೆದ, ಎಲೆ ಅಡಿಕೆ ಹಾಕಿದ, ಉಗುಳಿ ಬಂದ. ನಡೆ ಹೊಳೆಯಲಿಲ್ಲ. ಅಷ್ಟರಲ್ಲಿ ಯಾರೋ ಊಟಕ್ಕೆ ಕರೆದರು. ಜನ ಅತ್ತ ತಿರುಗಿದರು. ಬಾಸಿಂಗ ಕಟ್ಟಿಕೊಂಡು ನಡುಮನೆಯ ಬಾಗಿಲಲ್ಲಿ ಕೂತಿದ್ದ ಹುಡುಗಿ ಮಾತ್ರ ನೋಡಿದಳು: ಮಾವನ ಹೆಗಲ ಶಾಲು ಹಲಗೆಯ ಮೇಲೆ ಜಾರಿತು, ಅದನ್ನೆತ್ತಿದ ಕೈ ಬಿಳಿಯ ಕುದುರೆಯನ್ನು ಪಕ್ಕದ ಮನೆಗೆ ಸರಿಸಿತು.

"ಏನ್ ಬೀಗ್ರೇ, ಒಡಕು ಲೆಕ್ಕ ಇಕ್ಕಿದ್ದೀರಲ್ಲ!" ಎಂದು ಸದಾಶಿವಪ್ಪ ಕೂಗಿದ. "ಈ ಕುದ್ರೆ ಇಲ್ ನಿಂತ್ಕಂಡು ಏನ್ ಹುಲ್ ಮೇಯ್ತಾ ಅದೆ? ಇದ ಆ ಶಿವ್ನೂ ಬುಡ್ಸಾಕಾಗಲ್ಲ!"

ಚಪ್ಪರವೆಲ್ಲ ನಕ್ಕಿತು. ಪುಟ್ಟಮಲ್ಲಪ್ಪ ಬಗ್ಗಿ ನೋಡಿದ, ಮತ್ತೆ ನೋಡಿದ. ಬೀಗರ ಕೈಯನ್ನು ಅನುಮಾನಿಸುವುದು ಅವನಿಗೆ ಗೊತ್ತಿರಲಿಲ್ಲ. ತಾನೇ ಎದ್ದು ಸೋಲೊಪ್ಪಿ ವೀಳ್ಯ ಕೊಟ್ಟು ಕೈಮುಗಿದ. ಅರಿಸಿನದ ಸೀರೆಯಲ್ಲಿ ಕೂತ ಮದುಮಗಳು ಬಾಯಿ ಬಿಡುವಂತಿರಲಿಲ್ಲ.

ಆಮೇಲೆ ಅವನು ಇನ್ನೊಂದು ಲೆಕ್ಕ ಕಟ್ಟಲಿಲ್ಲ. ಕೆಲವು ವರ್ಷದಲ್ಲೇ ಹಾಸಿಗೆ ಹಿಡಿದ. ನೋಡಲು ಬಂದ ಮಗಳ ಕೈ ಹಿಡಿದು ಕೇಳಿದ: "ಆ ಕುದ್ರೆ ಎಲ್ಲಿತ್ತು ಚನ್ನೀ? ನಾನೇ ತಪ್ ಮನೇಲಿ ಇಕ್ಬುಟ್ನಾ?"

"ಇಲ್ಲ ಕಣಪ್ಪ. ಮಾವ್ನೋರೇ ಸರಿಸಿದ್ದು. ನಾನೇ ಕಣ್ಣಾರೆ ಕಂಡಿವ್ನಿ."

"ಬೀಗ್ರ ಮೇಲೆ ಅಂಗನ್ಬಾರ್ದು ಮಗ. ನಂಗೆ ಸಮಾಧಾನಕ್ಕೆ ಯೋಳ್ತಿದ್ದೀಯೆ."

ಅದೇ ಅನುಮಾನದಲ್ಲಿ ಅವನು ಹೋದ.

ಅಪ್ಪನ ಮಣ್ಣು ಮುಗಿಸಿ ಬಂದ ಮರುದಿನ ಬೆಳಿಗ್ಗೆ ಚನ್ನಮಲ್ಲಮ್ಮ ಬಾಗಿಲು ಸಾರಿಸಿ, ರಂಗೋಲಿಯ ಬದಲು ಚದುರಂಗದ ಮನೆಗಳನ್ನು ಬರೆದಳು. ಬಿಳಿಯ ಕಾಯಿಗಳಿಗೆ ರಂಗೋಲಿಪುಡಿ, ಎದುರು ಪಕ್ಷಕ್ಕೆ ಕೆಮ್ಮಣ್ಣು. ಕುದುರೆಯನ್ನು ಅದರ ಸರಿಯಾದ ಮನೆಯಲ್ಲೇ ಬರೆದಳು.

ಹೊಲಕ್ಕೆ ಹೊರಟಿದ್ದ ನೆರೆಮನೆಯ ಮುತ್ತಯ್ಯ ನಿಂತ. "ಇದ್ಯಾವ ರಂಗೋಲಿ ಕಣವ್ವ?"

"ನಮ್ಮಪ್ಪನ ಲೆಕ್ಕ ಕಣಣ್ಣ. ಮದ್ವೇಲಿ ಒಡಕು ಅಂದ್ರಲ್ಲ, ಅದೇಯ. ಕುದ್ರೆ ಇದ್ದಿದ್ದು ಇಲ್ಲಿ. ಮಾವ ಇನ್ನೊಂದ್ಸಲ ನೋಡ್ಲಿ ಅಂತ."

"ಯಜಮಾನ್ರೇ, ಬನ್ನಿ ಈಚೆಗೆ! ಸೊಸೆ ಲೆಕ್ಕ ಇಕ್ಕವ್ಳೆ, ಬುಡ್ಸಿ!"

ಸದಾಶಿವಪ್ಪ ಹೊರಗೆ ಬಂದು ನೋಡಿದ. ಮುಖ ಕಪ್ಪಿಟ್ಟಿತು. "ಅಳಿಸು ಅದ."

"ದನ ಓಡಾಡ್ತಲೇ ಅಳಿಸೋಯ್ತದೆ ಬುಡಿ ಮಾವ," ಎಂದು ಅವಳು ಕೊಡ ಎತ್ತಿಕೊಂಡು ನೀರಿಗೆ ಹೋದಳು.

ದನ ತುಳಿದು ಅಳಿಸಿತು. ಮರುದಿನ ಮತ್ತೆ ಬರೆದಳು. ಅದರ ಮರುದಿನವೂ ಬರೆದಳು. ಗಂಡ ಶಿವರುದ್ರಸ್ವಾಮಿ ಬೈದು ನೋಡಿದ. ಬಾಗಿಲಿಗೆ ಏನು ಬರೆಯಬೇಕೆಂಬುದು ಹೆಂಗಸರ ಪಾಡು ಎಂದಳು. ಸದಾಶಿವಪ್ಪ ಅದನ್ನು ದಾಟಿಯೇ ಮನೆಯಿಂದ ಹೊರಡಬೇಕಿತ್ತು. ದಾಟುವಾಗ ಕಣ್ಣು ತಾನಾಗಿ ಕೆಳಗಿಳಿಯುತ್ತಿತ್ತು. ಕಡೆಗೆ ಜಗಲಿಯ ಮೇಲೆ ಹಲಗೆ ಹಾಸಿ ಅದೇ ಲೆಕ್ಕವನ್ನು ಹೂಡಿಕೊಂಡು ಕೂತುಬಿಟ್ಟ.

ಅವನು ಹುಟ್ಟಾ ಅಬ್ಬರದ ಆಟಗಾರ. ಮೊದಲ ನಡೆಗೇ ಎದುರು ರಾಜನಿಗೆ ಶಹ ಕೊಟ್ಟು ಬೆದರಿಸದೆ ಅವನ ಕೈ ನಿಲ್ಲದು. ಆನೆಯಿಂದ ಶಹ ಕೊಟ್ಟ, ಮಂತ್ರಿಯಿಂದ ಕೊಟ್ಟ, ಕುದುರೆಯಿಂದ ಕೊಟ್ಟ. ರಾಜ ಪ್ರತಿಸಲವೂ ನುಸುಳಿಹೋಗುತ್ತಿದ್ದ. ಪುಟ್ಟಮಲ್ಲಪ್ಪನ ಲೆಕ್ಕದಲ್ಲಿ ಮೊದಲು ಶಹವೇ ಇರಲಿಲ್ಲ. ಬಿಳಿಯ ರಾಜ ಸದ್ದಿಲ್ಲದೆ ಒಂದು ಮನೆ ಹಿಂದಕ್ಕೆ ಸರಿಯಬೇಕಿತ್ತು. ಗೆಲ್ಲಹೊರಟವನು ಹಿಂದೆ ಸರಿಯುವುದು ಸದಾಶಿವಪ್ಪನಿಗೆ ಕನಸಲ್ಲೂ ಹೊಳೆಯುವಂತಿರಲಿಲ್ಲ. ರಾಗಿ ಬೀಸುತ್ತ, ಜಗಲಿಯಿಂದ "ಶಹ! ಶಹ!" ಎಂಬ ಕೂಗು ಕೇಳಿದಾಗಲೆಲ್ಲ ಚನ್ನಮಲ್ಲಮ್ಮನಿಗೆ ಹೊಟ್ಟೆಯೊಳಗೆ ತಂಪಾಗುತ್ತಿತ್ತು. ಶಿವನ ಮುಂದೆ ಕೂತಾಗಲೂ ಆ ತಂಪನ್ನು ಅವಳು ಮುಚ್ಚಿಡಲಿಲ್ಲ.

ಊರು ಮೊದಲು ನಕ್ಕಿತು, ಆಮೇಲೆ ಮುದುಕನ ಹತ್ತಿರ ಹೊಸ ಲೆಕ್ಕ ತರುವುದನ್ನೇ ಬಿಟ್ಟಿತು. ಕಡೆಗೊಂದು ದಿನ ಅವನು ಸೊಸೆಯನ್ನು ಕರೆದ. "ಚನ್ನವ್ವ, ಇದು ಬುಡ್ಸೋ ಲೆಕ್ಕವೇಯ?"

"ಅದ ಜಗಲೀಲಿ ನಾಕ್ ಜನದ ಮುಂದೆ ನೀವೇ ಯೋಳ್ಬೇಕು ಮಾವ. ಯಾರ್ ಕೈ ಕುದ್ರೆ ಸರಿಸ್ತು ಅನ್ನೋದ್ನೂವೆ."

ಮೂರು ದಿನ ಅವನು ಉಣ್ಣಲಿಲ್ಲ. ನಂತರ ಮುತ್ತಯ್ಯನನ್ನೂ ಹಿರಿಯರನ್ನೂ ಕೂರಿಸಿಕೊಂಡು ಹೇಳಿದ: "ಬೀಗ್ರ ಲೆಕ್ಕ ಸರಿಯಾಗಿತ್ತು. ಕುದ್ರೆಯ ನಾನೇ ಸರಿಸಿದ್ದು ಕಣ್ರಪ್ಪ." ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಎದ್ದುಹೋದರು.

ಅವನು ಒಳಗೆ ತಿರುಗಿದ. "ಈಗ್ಲಾದ್ರೂ ಯೋಳವ್ವ. ಮೊದ್ಲು ಯಾವ್ ಕಾಯಿ?"

"ಯೋಳ್ತೀನಿ ಅಂತ ನಾನೇನೂ ಅಂದಿರ್ಲಿಲ್ವಲ್ಲ ಮಾವ," ಎಂದು ಅವಳು ತಟ್ಟೆಗೆ ಮುದ್ದೆ ಇಟ್ಟಳು.

ಮರುದಿನದಿಂದ ಬಾಗಿಲಿಗೆ ಬರೀ ರಂಗೋಲಿ. ಆದರೆ ಲೆಕ್ಕ ಅವನ ತಲೆಯಿಂದ ಇಳಿಯಲಿಲ್ಲ. ಬಹಳ ವರ್ಷ ಬದುಕಿದ. ಕಡೆಯ ದಿನ ಉಸಿರು ಸಿಕ್ಕಿಕೊಳ್ಳುತ್ತಿದ್ದಾಗಲೂ ಬೆರಳು ಕಂಬಳಿಯ ಮೇಲೆ ಕಾಯಿ ನಡೆಸುತ್ತಿತ್ತು.

"ಒಂದ್ ಮಾತು ಯೋಳ್ಬುಡು," ಎಂದು ಶಿವರುದ್ರಸ್ವಾಮಿ ಹೆಂಡತಿಯ ಮುಂದೆ ಅತ್ತ. "ಜೀವ ಒದ್ದಾಡ್ತಾ ಅದೆ."

ಅವಳು ಮಾವನ ಬಾಯಿಗೆ ತೀರ್ಥ ಬಿಟ್ಟಳು, ಹಣೆಗೆ ವಿಭೂತಿ ಹಚ್ಚಿದಳು, ಕಿವಿಯ ಹತ್ತಿರ ಬಗ್ಗಿದಳು.

"ನಮ್ಮಪ್ಪನ್ನ ಕೇಳಿ ಮಾವ. ಅಲ್ಲೇ ಸಿಕ್ತಾರೆ."